ನಿಘಂಟು ಆ್ಯಪ್ ವಿಮರ್ಶೆ: ‘ಭ್ರಷ್ಟ’ ಪದದ ಪರೀಕ್ಷೆಯಲ್ಲಿ

ಹೊಸ ನಿಘಂಟು ಕೈಗೆ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ‘ಭ್ರಷ್ಟಾಚಾರ’ ಪದವನ್ನು. ದಿನವೂ ಪತ್ರಿಕೆಯಲ್ಲಿ ಕಾಣುವ ಈ ಪದಕ್ಕೆ ಲಂಚ ಎಂಬ ಒಂದೇ ಅರ್ಥ ಕೊಟ್ಟು ಕೈತೊಳೆದುಕೊಂಡಿರುವ ನಿಘಂಟು ಉಳಿದ ಪದಗಳನ್ನೂ ಹಾಗೆಯೇ ನೋಡಿಕೊಂಡಿರುತ್ತದೆ. ಕೆಲವು ತಿಂಗಳಿಂದ ಮೊಬೈಲಿನಲ್ಲಿ ಬಳಸುತ್ತಿರುವ ಈ ಕನ್ನಡ ನಿಘಂಟು ಆ್ಯಪ್ ಆ ಪರೀಕ್ಷೆಯಲ್ಲಿ ಅರ್ಧ ಗೆದ್ದಿದೆ.

ಗೆದ್ದಿರುವುದು ಪದದ ಮೂಲವನ್ನು ತಿಳಿಸುವಲ್ಲಿ. ಸಂಸ್ಕೃತದ ‘ಭ್ರಂಶ್’ ಧಾತುವಿಗೆ ಜಾರು, ಕೆಳಗೆ ಬೀಳು ಎಂದು ಅರ್ಥ. ಅದರಿಂದಾದ ‘ಭ್ರಷ್ಟ’ ಎಂದರೆ ಇದ್ದ ನೆಲೆಯಿಂದ ಕಳಚಿ ಬಿದ್ದದ್ದು. ಇದನ್ನು ಬರಿದೆ ಹೇಳದೆ, ‘ಸ್ಥಾನಭ್ರಷ್ಟಾ ನ ಶೋಭಂತೇ ದಂತಾಃ ಕೇಶಾ ನಖಾ ನರಾಃ’ ಎಂಬ ಸುಭಾಷಿತವನ್ನು ಪಕ್ಕದಲ್ಲಿಟ್ಟಿರುವುದು ನನಗೆ ಬಹಳ ಹಿಡಿಸಿತು. ಜಾಗ ತಪ್ಪಿದರೆ ಶೋಭೆಯಿಲ್ಲ ಎಂದು ಹಲ್ಲು, ಕೂದಲು, ಉಗುರುಗಳ ಸಾಲಿನಲ್ಲಿ ಮನುಷ್ಯನನ್ನೂ ನಿಲ್ಲಿಸುವ ಈ ಮಾತಿನಲ್ಲಿ ಪಾಪದ ಸುಳಿವಿಲ್ಲ, ಜಾಗ ತಪ್ಪಿದ್ದಷ್ಟೇ ಇದೆ. ನೀತಿಯ ಅರ್ಥ ಎದ್ದು ಕಾಣುವುದು ‘ಆಚಾರ’ ಜೊತೆಗೂಡಿದಾಗ. ‘ಆಚಾರ’ದ ಒಳಗೆ ನಡೆಯುವುದು ಎಂಬ ಅರ್ಥದ ‘ಚರ್’ ಧಾತುವಿರುವುದರಿಂದ, ಭ್ರಷ್ಟಾಚಾರವೆಂದರೆ ಜಾರಿಬಿದ್ದ ನಡೆ. ಕೆಟ್ಟ ನುಡಿರೂಪ ಎಂಬ ಅರ್ಥದ ‘ಅಪಭ್ರಂಶ’ ಪದವನ್ನೂ ಅಲ್ಲಿಯೇ ಜೋಡಿಸಿದ್ದಾರೆ. ಹಸು ಎಂಬ ಅರ್ಥದ ಸಂಸ್ಕೃತದ ‘ಗೌಃ’ ಪದಕ್ಕೆ ಬದಲಾಗಿ ಜನ ಆಡುತ್ತಿದ್ದ ಗಾವೀ, ಗೋಣೀ ಮೊದಲಾದವನ್ನು ವ್ಯಾಕರಣಕಾರ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಅಪಭ್ರಂಶವೆಂದೇ ಕರೆದಿದ್ದಾನೆ: ನಡತೆ ಕೆಟ್ಟರೂ ನುಡಿ ಕೆಟ್ಟರೂ ಧಾತು ಒಂದೇ.

ಸೋತಿರುವುದು ಎರಡು ಕಡೆ. ‘ಭೃಷ್ಟಾಚಾರ’ ಎಂದು ತಪ್ಪಾಗಿ ಬರೆಯುವವರು ನಮ್ಮಲ್ಲಿ ತುಂಬ ಮಂದಿ. ಹಾಗೆ ಹುಡುಕಿದರೂ ಆ್ಯಪ್ ಚಕಾರವೆತ್ತದೆ ಅದೇ ಪುಟ ತೆರೆಯುತ್ತದೆ. ‘ಭೃಷ್ಟ’ವೆಂದರೆ ಹುರಿದದ್ದು, ಅದರ ಧಾತುವೇ ಬೇರೆ. ಕಾಗುಣಿತ ತಿದ್ದಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವ ನಿಘಂಟಿಗೂ ಸಿಗಲಾರದು.

ಎರಡನೆಯದು ಇನ್ನೂ ದೊಡ್ಡ ಕೊರತೆ. ಮೂಲವನ್ನು ಅಷ್ಟು ಚೆನ್ನಾಗಿ ಬಿಡಿಸಿದವರು ಇಂದಿನ ಅರ್ಥಕ್ಕೆ ಬಂದಾಗ ‘ಲಂಚಗುಳಿತನ’ ಎಂದಷ್ಟೇ ಬರೆದು ನಿಲ್ಲಿಸಿದ್ದಾರೆ. ಒಂದು ಪೈಸೆ ಮುಟ್ಟದೆ ಅರ್ಹನನ್ನು ಬದಿಗೊತ್ತಿ ತನ್ನವನಿಗೆ ಹುದ್ದೆ ಕೊಡಿಸಿದವನ ನಡೆಯೂ ಭ್ರಷ್ಟಾಚಾರವೇ ಅಲ್ಲವೇ? ಜಾತಿಕಟ್ಟಳೆ ಮೀರಿದವರನ್ನು ‘ಕುಲಭ್ರಷ್ಟ’, ‘ಆಚಾರಭ್ರಷ್ಟ’ ಎಂದು ಹೊರಗಿಡಲು ಬಳಕೆಯಾಗುತ್ತಿದ್ದ ಪದ, ಅಧಿಕಾರದ ದುರುಪಯೋಗವನ್ನು ಹೆಸರಿಸುವ ಪದವಾಗಿ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಕನ್ನಡ ಹೆಸರಿನವರೆಗೂ ನಡೆದುಬಂದಿದೆ. ಮಡಿವಂತಿಕೆಯ ಕೈಯಿಂದ ಪ್ರಜೆಯ ಕೈಗೆ ಬಂದ ಈ ಪದದ ಪಯಣಕ್ಕೆ ಒಂದು ಸಾಲೂ ಇಲ್ಲದಿರುವುದು ನನಗೆ ನಿಜವಾಗಿ ನೋವು ತಂದಿತು.

ಅಕ್ಷರ ದೊಡ್ಡದಾಗಿದೆ, ಇಂಟರ್‌ನೆಟ್ ಇಲ್ಲದೆಯೂ ತೆರೆಯುತ್ತದೆ. ಪದಮೂಲ ತಿಳಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಹೇಳಬಲ್ಲೆ. ಅನುವಾದಕರು ಜೊತೆಗೆ ಇನ್ನೊಂದು ನಿಘಂಟು ಇಟ್ಟುಕೊಳ್ಳಲಿ. ಸದ್ಯಕ್ಕೆ ಐದರಲ್ಲಿ ಮೂರು ಅಂಕ.