ಕುಮಾರ ಪರ್ವತದ ದಾರಿಗೆ ಯಾವುದು: ಬೂಟು, ಟ್ರೈಲ್ ಶೂ, ಗಂಬೂಟು, ಸ್ಯಾಂಡಲ್?

ಚಾರಣದ ಶೂಗಳನ್ನು ಪರೀಕ್ಷಿಸಲು ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೋಗುವ ದಾರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಡುದಾರಿಯ ಗಿರಿಗದ್ದೆಯವರೆಗೆ ದಟ್ಟ ಕಾಡು: ಬೇರು, ಒದ್ದೆ ತರಗೆಲೆ, ಪಾಚಿ ಹಿಡಿದ ಕಲ್ಲು, ಇಂಬಳ. ಅಲ್ಲಿಂದ ಮೇಲೆ ನೆರಳಿಲ್ಲದ ಹುಲ್ಲುಗುಡ್ಡ, ಕಾಲಡಿ ಸಡಿಲ ಕಲ್ಲು. ಶೇಷ ಪರ್ವತ ದಾಟಿದರೆ ಮತ್ತೆ ಶೋಲಾ ಕಾಡು, ಅಂದರೆ ಬೆಟ್ಟದ ಮಡಿಲಿನ ಕುಳ್ಳ ಮರಗಳ ಕಾಡು. ತುದಿ 1,712 ಮೀಟರ್, ಕುಕ್ಕೆ ಇರುವುದು ನೂರು ಚಿಲ್ಲರೆ ಮೀಟರಿನಲ್ಲಿ. ಹತ್ತಿದ ಸುಮಾರು 1,600 ಮೀಟರನ್ನೂ ಇಳಿಯಲೇಬೇಕು. ಉಗುರು ಕಪ್ಪಾಗುವುದು, ಗುಳ್ಳೆ ಏಳುವುದು ಹೆಚ್ಚಾಗಿ ಆ ಇಳಿತದಲ್ಲೇ.

ಇಲ್ಲಿನ ಹೋಲಿಕೆ ಅಕ್ಟೋಬರಿನ ನೆಲಕ್ಕೆ, ಅಂದರೆ ಮಳೆ ನಿಂತರೂ ಕಾಡು ಒಣಗದ ಹೊತ್ತಿಗೆ, ಬೆನ್ನ ಮೇಲೆ ಎಂಟು-ಹತ್ತು ಕಿಲೋ ಚೀಲ ಇಟ್ಟುಕೊಂಡು ನಡೆಯುವವರಿಗೆ.

ವಾಟರ್‌ಪ್ರೂಫ್ ಬೂಟು

ಕಾಲಿನ ಗಂಟು ಮುಚ್ಚುವ, ಒಳಗೆ ಮೆಂಬ್ರೇನ್, ಅಂದರೆ ನೀರು ತಡೆಯುವ ತೆಳು ಪದರ ಇರುವ ಬೂಟು. ಜೊತೆಯ ತೂಕ ಒಂದು ಕಿಲೋ ಮೇಲೆ. ಅಂಗಡಿಯವರು ಮೊದಲು ತೋರಿಸುವುದೂ ಇದನ್ನೇ. ಇಬ್ಬನಿ ಹುಲ್ಲಿನಲ್ಲಿ, ಸೋನೆ ಮಳೆಯಲ್ಲಿ ಕಾಲು ಒಣಗಿರುತ್ತದೆ, ಆ ಮಾತು ನಿಜ. ತೊಡಕು ಇರುವುದು ಮೇಲಿನ ಬಾಯಲ್ಲಿ. ಜೋರು ಮಳೆ ಬಂದರೆ ಪ್ಯಾಂಟಿನಿಂದ ಇಳಿದ ನೀರು ಸಾಕ್ಸ್ ಹಿಡಿದು ಒಳಗೆ ಸೇರುತ್ತದೆ. ಹಳ್ಳದಲ್ಲಿ ಒಮ್ಮೆ ಗಂಟು ಮುಳುಗಿದರೆ ಕೇಳುವುದೇ ಬೇಡ. ನೀರನ್ನು ಒಳಗೆ ಬಿಡದ ಪದರ ಹೊರಗೂ ಬಿಡುವುದಿಲ್ಲ. ಆಮೇಲೆ ಸಂಜೆಯವರೆಗೆ ಅದೇ ನೀರಿನಲ್ಲಿ ನಡಿಗೆ, ರಾತ್ರಿ ಕಳೆದರೂ ಬೂಟು ಒಣಗದು. ಪಾದದ ಚರ್ಮ ಬೆಳ್ಳಗೆ ಸುಕ್ಕಾಗಿ ಮೆತ್ತಗಾದ ಮೇಲೆ ಸಣ್ಣ ಉಜ್ಜುವಿಕೆಗೂ ಕಿತ್ತು ಬರುತ್ತದೆ.

ಮೆಂಬ್ರೇನ್ ಇಲ್ಲದ ಬೂಟು ಇದಕ್ಕಿಂತ ವಾಸಿ. ಹನ್ನೆರಡು ಕಿಲೋ ಮೀರಿದ ಚೀಲ ಹೊತ್ತು ಡಿಸೆಂಬರ್-ಜನವರಿಯಲ್ಲಿ ಹೋಗುವವರಿಗೆ ಅದೇ ಸರಿ: ಗಟ್ಟಿ ಸೋಲ್ ಇರುವುದರಿಂದ ಚೂಪು ಕಲ್ಲು ಅಂಗಾಲಿಗೆ ಒತ್ತುವುದಿಲ್ಲ. ಚರ್ಮದ್ದಾದರೆ ಚಾರಣಕ್ಕೆ ಮುಂಚೆ ಊರಲ್ಲೇ ಮೂವತ್ತು-ನಲವತ್ತು ಕಿಲೋಮೀಟರ್ ನಡೆದು ಪಳಗಿಸಬೇಕು.

ಜಾಲರಿ ಟ್ರೈಲ್ ಶೂ

ಕಾಡುದಾರಿಗೆಂದೇ ಮಾಡಿದ, ಮೇಲ್ಭಾಗ ಜಾಲರಿ ಬಟ್ಟೆಯ ಗಿಡ್ಡ ಶೂ. ಈ ದಾರಿಗೆ ನಮ್ಮ ಆಯ್ಕೆ ಇದು. ಜೊತೆಯ ತೂಕ 550ರಿಂದ 700 ಗ್ರಾಂ. ಹಳ್ಳದಲ್ಲಿ ಮುಳುಗಿಸಿಕೊಂಡೇ ದಾಟಬಹುದು, ಇಪ್ಪತ್ತು ಹೆಜ್ಜೆಯೊಳಗೆ ಹೆಚ್ಚಿನ ನೀರು ಜಾಲರಿಯಿಂದ ಹೊರಗೆ ಹೋಗುತ್ತದೆ. ಹುಲ್ಲುಗುಡ್ಡದ ಬಿಸಿಲು ಬಿದ್ದರೆ ಒಂದೆರಡು ಗಂಟೆಯಲ್ಲಿ ಶೂ ಅರೆಬರೆ ಒಣಗಿರುತ್ತದೆ. ಕಾಲಿನ ತೂಕ ಇಳಿದಷ್ಟೂ ತೊಡೆ ತಡವಾಗಿ ಸೋಲುತ್ತದೆ, ಸೋತ ಕಾಲೇ ಎಡವುವುದು.

ಕಾಲು ಉಳುಕದೇ ಎಂದು ಎಲ್ಲರೂ ಕೇಳುತ್ತಾರೆ. ಬಟ್ಟೆಯ ಮೆತ್ತನೆ ಕಾಲರ್ ಇರುವ ಎತ್ತರದ ಶೂ ಕೂಡ ಉಳುಕು ತಡೆಯುವುದು ಅಷ್ಟಕ್ಕಷ್ಟೇ. ಹಿಮ್ಮಡಿ ಅಲ್ಲಾಡದ ಹಾಗೆ ಕೂರುವುದು, ಸೋಲ್ ಅಡ್ಡಕ್ಕೆ ತಿರುಚಿಕೊಳ್ಳದಿರುವುದು ಹೆಚ್ಚು ಮುಖ್ಯ. ಶೂವಿನ ಎರಡು ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅದು ಟಾರು ರಸ್ತೆಗೆ ಮಾತ್ರ. ಹಿಂದೆ ಉಳುಕಿದ ಕಾಲಾದರೆ ಬೂಟೇ ಹಾಕಿಕೊಳ್ಳಿ, ವಾದ ಬೇಡ.

ಇದರ ದೌರ್ಬಲ್ಯ ಎರಡು. ಜಾಲರಿ ಬೇಗ ಹರಿಯುತ್ತದೆ, ಕಿರುಬೆರಳು ಮಡಚುವ ಜಾಗದಲ್ಲಿ ಮೊದಲು. ಎರಡನೆಯದು ಇಂಬಳ. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಬೇಕು. ಮೊದಲು ಮಾಮೂಲಿ ಸಾಕ್ಸ್, ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿ ಮೇಲೆ ಲೀಚ್ ಸಾಕ್ಸ್, ಮೊಣಕಾಲಿನ ಕೆಳಗೆ ದಾರ ಕಟ್ಟಿ, ಆಮೇಲೆ ಶೂ. ಈ ಬಟ್ಟೆ ದಪ್ಪ ಸೇರುವುದರಿಂದ ಶೂ ಕೊಳ್ಳುವಾಗಲೇ ಇದನ್ನು ಹಾಕಿಕೊಂಡು ಅಳತೆ ನೋಡಬೇಕು. ಉಪ್ಪು, ಹೊಗೆಸೊಪ್ಪಿನ ಪುಡಿ ಮೇಲೆ ಹಚ್ಚಿದರೆ ಕೆಲಸ ಮಾಡುತ್ತದೆ, ಒದ್ದೆ ಹುಲ್ಲು ತೊಳೆದುಬಿಡುವವರೆಗೆ.

ಗಂಬೂಟು, ಸ್ಯಾಂಡಲ್

ಗಂಬೂಟು ಕಾಫಿ ತೋಟಕ್ಕೆ ಸರಿ. ಹಿಮ್ಮಡಿಗೆ ಹಿಡಿತವಿಲ್ಲ, ಏರಿನಲ್ಲಿ ಪ್ರತಿ ಹೆಜ್ಜೆಗೂ ಜಾರಿ ಉಜ್ಜುತ್ತದೆ, ಬೆವರಿಗೆ ಹೊರದಾರಿಯಿಲ್ಲ. ಇಷ್ಟುದ್ದದ ಏರಿಳಿತಕ್ಕೆ ಬೇಡವೇ ಬೇಡ.

ಪಟ್ಟಿ ಬಿಗಿಯುವ ಸ್ಯಾಂಡಲ್ ಹಳ್ಳ ದಾಟಲು, ರಾತ್ರಿ ತಂಗುವ ಜಾಗದಲ್ಲಿ ಕಾಲಿಗೆ ಗಾಳಿ ಕೊಡಲು ಚೆನ್ನ. ಇಂಬಳ ಹತ್ತಿದ್ದು ಕೂಡಲೇ ಕಾಣುತ್ತದೆ ಎನ್ನುವುದೂ ಒಂದು ಲಾಭ! ದಿನವಿಡೀ ನಡೆದರೆ ಪಟ್ಟಿಯ ಕೆಳಗೆ ಮರಳು ಸಿಕ್ಕಿ ಚರ್ಮ ಕೆರೆಯುತ್ತದೆ, ಬೇರಿಗೆ ಬೆರಳು ಬಡಿಯುತ್ತದೆ. ಎರಡನೇ ಜೊತೆಯಾಗಿ ಚೀಲದಲ್ಲಿರಲಿ, ಹಗುರಾದ್ದನ್ನೇ ಆರಿಸಿ.

ಮೇಲ್ಭಾಗಕ್ಕಿಂತ ಅಡಿಭಾಗ ನೋಡಿ

ಯಾವ ಜಾತಿಯ ಶೂ ಆದರೂ ಒದ್ದೆ ಬಂಡೆಯ ಮೇಲೆ ನಿಲ್ಲಿಸುವುದು ರಬ್ಬರು. ಹೆಬ್ಬೆರಳಿನ ಉಗುರನ್ನು ಸೋಲಿಗೆ ಒತ್ತಿ: ಸ್ವಲ್ಪ ತಗ್ಗಿ ಮತ್ತೆ ಮೇಲೆ ಬಂದರೆ ಒಳ್ಳೆಯ ರಬ್ಬರು. ಪ್ಲಾಸ್ಟಿಕ್ಕಿನ ಹಾಗೆ ಹೊಳೆದು ಗಟ್ಟಿಯಾಗಿದ್ದರೆ ಪಾಚಿಕಲ್ಲಿನ ಮೇಲೆ ಜಾರುವುದು ಖಂಡಿತ. ಹಲ್ಲುಗಳ ಆಳ 4-5 ಮಿಲಿಮೀಟರ್ ಇರಲಿ, ನಡುವೆ ಅಂತರ ಇರಲಿ. ಒತ್ತೊತ್ತಾಗಿದ್ದರೆ ಕೆಸರು ತುಂಬಿ ಸೋಲ್ ನುಣ್ಣಗಾಗುತ್ತದೆ. ಪಾಚಿ ದಪ್ಪಗಿದ್ದ ಕಡೆ ಯಾವ ರಬ್ಬರೂ ಹಿಡಿಯದು, ಅಲ್ಲಿ ಪಾದ ಪೂರ್ತಿ ಊರಿ ಸಣ್ಣ ಹೆಜ್ಜೆ ಇಡುವುದೊಂದೇ ದಾರಿ.

ಅಳತೆಯನ್ನು ಸಂಜೆ ನೋಡಬೇಕು, ನಡೆದು ಪಾದ ಊದಿದ ಮೇಲೆ. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಕೆಳಮುಖವಾಗಿ ನಿಂತು ಕಾಲು ಕುಕ್ಕಿ, ಇಲ್ಲವೆಂದರೆ ಮೆಟ್ಟಿಲಿಳಿಯಿರಿ. ಬೆರಳು ಮುಂದೆ ತಾಗಿದರೆ ಅರ್ಧ ಸೈಜು ಮೇಲೆ ಹೋಗಿ. ಅತಿ ಉದ್ದದ ಬೆರಳಿನ ಮುಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಬೇಕು.

ಇಳಿಯುವ ಮುನ್ನ ಲೇಸು ಬೇರೆ ರೀತಿ ಕಟ್ಟಿ. ಮೇಲಿನ ಕೊನೆಯ ತೂತಿಗೆ ಲೇಸನ್ನು ಅದೇ ಬದಿಯಿಂದ ಹಾಯಿಸಿದರೆ ಎರಡೂ ಕಡೆ ಸಣ್ಣ ಕುಣಿಕೆ ಆಗುತ್ತದೆ. ಎಡದ ಲೇಸನ್ನು ಬಲದ ಕುಣಿಕೆಗೆ, ಬಲದ್ದನ್ನು ಎಡಕ್ಕೆ ತೂರಿಸಿ, ಹಿಮ್ಮಡಿಯ ಕಡೆಗೆ ಎಳೆದು ಗಂಟು ಹಾಕಿ. ಪಾದ ಮುಂದಕ್ಕೆ ಜಾರುವುದು ನಿಲ್ಲುತ್ತದೆ. ಸಾಕ್ಸ್ ಉಣ್ಣೆಯದೋ ನೈಲಾನಿನದೋ ಇರಲಿ, ಹತ್ತಿಯದು ನೀರು ಕುಡಿದು ಮಡಿಕೆ ಬೀಳುತ್ತದೆ. ಎಲ್ಲಾದರೂ ಬಿಸಿಯಾಗಿ ಉರಿದ ಹಾಗಾದರೆ ಅಲ್ಲೇ ಕೂತು ಟೇಪ್ ಅಂಟಿಸಿ.

ಚಳಿಗಾಲದಲ್ಲಿ ಕೇದಾರಕಂಠದಂಥ ಹಿಮದ ದಾರಿಗೆ ಹೋಗುವವರು ಮೇಲಿನ ತೀರ್ಪನ್ನು ತಿರುಗಿಸಿ ಓದಿಕೊಳ್ಳಿ. ಅಲ್ಲಿ ಮೆಂಬ್ರೇನ್ ಬೂಟು, ಮೇಲೆ ಗೇಟರ್, ಅಂದರೆ ಬೂಟಿನ ಬಾಯಿ ಮುಚ್ಚುವ ಹಾಗೆ ಕಾಲಿಗೆ ಸುತ್ತುವ ಹೊದಿಕೆ. ಜಾಲರಿ ಶೂವಿನಲ್ಲಿ ಹಿಮ ಕರಗಿ ಬೆರಳು ಮರಗಟ್ಟುತ್ತದೆ.

ಅಟ್ಟದ ಮೇಲೆ ನಾಲ್ಕೈದು ವರ್ಷ ಇಟ್ಟ ಹಳೆಯ ಬೂಟನ್ನು ಇಳಿಸಿಕೊಂಡು ನೇರ ಹೊರಡಬೇಡಿ. ನಡುವಿನ ಪಾಲಿಯುರಿಥೇನ್ ಪದರ ಗಾಳಿಯ ತೇವ ಹೀರಿ ಒಳಗೇ ಪುಡಿಯಾಗಿರುತ್ತದೆ, ಕರಾವಳಿಯ ಮನೆಗಳಲ್ಲಿ ಇನ್ನೂ ಬೇಗ. ಹೊರಗೆ ಹೊಸದರಂತೆ ಕಂಡರೂ ಅರ್ಧ ದಾರಿಯಲ್ಲಿ ಸೋಲ್ ಬಾಯಿ ಬಿಡುತ್ತದೆ. ಮುಂಭಾಗ ಬಲವಾಗಿ ಮಡಚಿ, ಬದಿಯಲ್ಲಿ ಬಿರುಕು ಕಂಡರೆ ಬಿಟ್ಟುಬಿಡಿ. ಹೊಸದಿದ್ದರೂ ಎರಡು ಮೀಟರ್ ನೈಲಾನ್ ಹಗ್ಗ ಚೀಲದಲ್ಲಿರಲಿ. ಕಿತ್ತ ಸೋಲನ್ನು ಬೆರಳಿನ ಬುಡಕ್ಕೆ ಒಂದು ಸುತ್ತು, ಹಿಮ್ಮಡಿಯ ಮುಂದಿನ ಕಮಾನಿಗೆ ಇನ್ನೊಂದು ಸುತ್ತು ಬಿಗಿದರೆ ಗಿರಿಗದ್ದೆಯಿಂದ ಕುಕ್ಕೆಗೆ ಇಳಿಯಬಹುದು.