ಎಂಟು ವರ್ಷ ವಿಎಸ್ ಕೋಡ್, ಅದೇ ಹಳೇ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪ್ 2017ರದ್ದು. ಏಳನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಅದನ್ನು ಮನೆಗೆ ತಂದ ವಾರವೇ ವಿಎಸ್ ಕೋಡ್ ಹಾಕಿಕೊಂಡೆ. ಕೋಡ್ ಬರೆಯೋಕೆ, ತಿದ್ದೋಕೆ ಬಳಸುವ ಮೈಕ್ರೋಸಾಫ್ಟ್‌ನ ಎಡಿಟರ್ ಅದು. ವಿಜಯನಗರದ ಮನೆಯಲ್ಲೇ ಕೂತು ಸಣ್ಣ ಪ್ರಕಾಶಕರಿಗೆ, ಅಂಗಡಿಗಳಿಗೆ, ಶಾಲೆಗಳಿಗೆ ಕನ್ನಡ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಎಂಟು ವರ್ಷ ದಾಟಿತು. ಆ ಲ್ಯಾಪ್‌ಟಾಪೂ ಇದೆ, ವಿಎಸ್ ಕೋಡೂ ಇದೆ. ನಡುವೆ ಮೂರು ಸಲ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: "ಸ್ಲೋ ಆಯ್ತಲ್ವಾ, ಹೊಸದು ತಗೋ." ಮೂರು ಸಲವೂ ತಗೊಳ್ಳಲಿಲ್ಲ. ಯಾಕೆ ಅನ್ನೋದು ಈ ವಿಮರ್ಶೆಯ ಅರ್ಧ ಭಾಗ.

ಮೊದಲು ಸಾಫ್ಟ್‌ವೇರ್ ವಿಚಾರ. ಮೈಕ್ರೋಸಾಫ್ಟ್ ಇದನ್ನು 2015ರ ಏಪ್ರಿಲ್‌ನಲ್ಲಿ ತೋರಿಸಿತು, 2016ರಲ್ಲಿ ಅದರ 1.0 ಆವೃತ್ತಿ ಬಂತು. ಅದಕ್ಕೂ ಮೊದಲು ನಾನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುತ್ತಿದ್ದೆ. ಅದು ಇವತ್ತಿಗೂ ಒಳ್ಳೆಯ ಎಡಿಟರ್. ಆದರೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಒಂದು ಕಿಟಕಿ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇನ್ನೊಂದು ಕಿಟಕಿ, ಸರ್ವರ್‌ಗೆ ಫೈಲ್ ಕಳಿಸೋಕೆ ಮತ್ತೊಂದು. ವಿಎಸ್ ಕೋಡ್‌ನಲ್ಲಿ ಇವೆಲ್ಲ ಒಂದೇ ಕಡೆ ಬಂದವು. 2019ರಲ್ಲಿ ಬಂದ ರಿಮೋಟ್ ಎಸ್ಎಸ್ಎಚ್ ಅಂತೂ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಫೈಲ್ ಸರ್ವರ್‌ನಲ್ಲೇ ಇರುತ್ತದೆ, ನಾನು ಇಲ್ಲಿ ಕೂತು ತಿದ್ದುತ್ತೇನೆ. ನಮ್ಮ ಲ್ಯಾಪ್‌ಟಾಪ್ ಮೇಲಿನ ಭಾರವೂ ಕಡಿಮೆ.

ನನಗೆ ಇದರಲ್ಲಿ ಅತಿ ಹೆಚ್ಚು ಬೇಕಾದದ್ದು ಹುಡುಕಾಟ. ಕನ್ನಡ ಸೈಟ್ ಮಾಡುವವರಿಗೆ ಇದು ಅರ್ಥವಾಗುತ್ತದೆ. "ಸಾಫ್ಟ್‌ವೇರ್" ಎಂಬ ಪದವನ್ನೇ ತಗೊಳ್ಳಿ. ಟ ಒತ್ತಿನ ಮೇಲೆ ವ ಒತ್ತಾಗಿ ಅಂಟದೆ ಬೇರೆ ನಿಲ್ಲಬೇಕಾದರೆ ನಡುವೆ ಒಂದು ಕಾಣದ ಅಕ್ಷರ ಇರಬೇಕು. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಕಣ್ಣಿಗೆ ಸಣ್ಣ ವ್ಯತ್ಯಾಸ, ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ ಪದ. ಓದುಗರು ಸೈಟ್‌ನಲ್ಲಿ ಹುಡುಕಿದರೆ ಅರ್ಧ ಲೇಖನ ಸಿಗುವುದೇ ಇಲ್ಲ. ಒಂದು ಪ್ರಕಾಶನದ ಸೈಟ್‌ನಲ್ಲಿ ನನಗೆ ಹೀಗೇ ಆಯಿತು. ವಿಎಸ್ ಕೋಡ್‌ನ ಹುಡುಕಾಟದಲ್ಲಿ ರೆಜೆಕ್ಸ್ (ಪದದ ಬದಲು ಮಾದರಿ ಕೊಟ್ಟು ಹುಡುಕುವ ವಿಧಾನ) ಬಟನ್ ಒತ್ತಿ, ಆ ಕಾಣದ ಅಕ್ಷರದ ಕೋಡ್ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರೆ ಸಾಕು. ಅಕ್ಷರ ಇದ್ದರೂ ಸಿಗುತ್ತದೆ, ಇಲ್ಲದಿದ್ದರೂ ಸಿಗುತ್ತದೆ. ಇಡೀ ಪ್ರಾಜೆಕ್ಟನ್ನು ಒಂದೇ ಮಧ್ಯಾಹ್ನದಲ್ಲಿ ಸರಿ ಮಾಡಿದೆ. ಹಳೇ ನುಡಿ ಫಾಂಟಿನ ಡಿಟಿಪಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಉಳಿಯುವ ತಪ್ಪುಗಳನ್ನು ಹಿಡಿಯೋಕೂ ಇದೇ ದಾರಿ.

ಈಗ ನಿಧಾನವಾದ ಕಥೆ.

ಮೊದಲ ಸಲ 2020ರಲ್ಲಿ. ಮನೆಯವರೆಲ್ಲ ಮನೆಯಲ್ಲೇ ಇದ್ದರು, ಕೆಲಸ ಜಾಸ್ತಿ ಇತ್ತು. ಎಡಿಟರ್ ತೆರೆಯೋಕೆ ಒಂದು ನಿಮಿಷದ ಮೇಲೆ ಬೇಕಾಗುತ್ತಿತ್ತು. ಪರಿಚಯದವರು ಒಬ್ಬರು "ಕ್ಲೀನರ್" ಸಾಫ್ಟ್‌ವೇರ್ ಹಾಕಿಕೊಟ್ಟರು. ಅದು ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಾನೇ ಶುರುವಾಗಿ ಇನ್ನೂ ನಿಧಾನ ಮಾಡಿತು. ತೆಗೆದು ಹಾಕಿದೆ. ದಯವಿಟ್ಟು ಯಾರೂ ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯನ್ನು ಸ್ವಚ್ಛ ಮಾಡುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್ ಹಾಕಬೇಡಿ. ವಿಂಡೋಸ್ ಮಾಡಿದ ಮೈಕ್ರೋಸಾಫ್ಟೇ ಅಂಥವುಗಳನ್ನು ಬೆಂಬಲಿಸುವುದಿಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು ಸುಮ್ನೆ ಕೂತಿತ್ತು. ಡಿಸ್ಕ್ ಮಾತ್ರ 100 ಶೇಕಡಾ. ಉತ್ತರ ಅಲ್ಲೇ ಇತ್ತು. ವೆಬ್ ಪ್ರಾಜೆಕ್ಟ್ ಅಂದರೆ, ಬೇರೆಯವರು ಬರೆದ ಸಿದ್ಧ ಕೋಡ್ ಬಂದು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಂದರಲ್ಲೇ ಸಾವಿರಾರು ಪುಟ್ಟ ಪುಟ್ಟ ಫೈಲುಗಳು. ತಿರುಗುವ ಡಿಸ್ಕ್‌ಗೆ ಪ್ರತಿ ಫೈಲಿಗೂ ಮುಳ್ಳು ಅತ್ತಿತ್ತ ಓಡಬೇಕು. ಲಾಕ್‌ಡೌನ್ ಸಡಿಲವಾದ ಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ಗೆ ಹೋಗಿ 500 ಜಿಬಿ ಎಸ್ಎಸ್‌ಡಿ (ತಿರುಗುವ ಭಾಗವೇ ಇಲ್ಲದ ಡಿಸ್ಕ್), ಇನ್ನೊಂದು 8 ಜಿಬಿ ರ‍್ಯಾಮ್ ತಂದೆ. ಅದೇ ಕಂಪ್ಯೂಟರ್ ಅಂತ ನಂಬೋಕೆ ಆಗಲಿಲ್ಲ. ಎಡಿಟರ್ ನಾಲ್ಕೈದು ಸೆಕೆಂಡಲ್ಲಿ ತೆರೆಯಿತು. ನಿಮ್ಮ ಹತ್ರ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಬೇರೆ ಏನನ್ನೂ ಯೋಚಿಸಬೇಡಿ, ಮೊದಲು ಅದನ್ನು ಬದಲಿಸಿ.

ಎರಡನೇ ಸಲ 2022ರಲ್ಲಿ. ಈಗ ಡಿಸ್ಕ್ ಅಲ್ಲ. ಟೈಪ್ ಮಾಡಿದರೆ ಅಕ್ಷರ ತಕ್ಷಣ ಬರುತ್ತಿತ್ತು, ಆದರೆ ಸಲಹೆಗಳ ಪಟ್ಟಿ ಬರೋಕೆ ತುಂಬಾ ಹೊತ್ತು, ಫೈಲ್ ಸೇವ್ ಮಾಡಿದರೆ ಒದ್ದಾಟ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ವಿಎಸ್ ಕೋಡ್‌ನ ಎಕ್ಸ್‌ಟೆನ್ಷನ್‌ಗಳು, ಅಂದರೆ ಎಡಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂಗಳು, ಎಡಿಟರ್ ಜೊತೆ ಒಂದೇ ಪ್ರೊಸೆಸ್‌ನಲ್ಲಿ ಓಡುವುದಿಲ್ಲ, ಎಕ್ಸ್‌ಟೆನ್ಷನ್ ಹೋಸ್ಟ್ ಎಂಬ ಬೇರೆ ಪ್ರೊಸೆಸ್‌ನಲ್ಲಿ ಓಡುತ್ತವೆ. ಅದಕ್ಕೇ ಟೈಪಿಂಗ್ ಚೆನ್ನಾಗಿದ್ದು ಉಳಿದದ್ದು ನಿಧಾನವಾಗುತ್ತದೆ. ಹೆಲ್ಪ್ ಮೆನುವಿನಲ್ಲಿ ಪ್ರೊಸೆಸ್ ಎಕ್ಸ್‌ಪ್ಲೋರರ್ ಇದೆ. ಅದನ್ನು ತೆರೆದಾಗ ಎಕ್ಸ್‌ಟೆನ್ಷನ್ ಹೋಸ್ಟೇ ಸಿಪಿಯು ತಿನ್ನುತ್ತಿದ್ದದ್ದು ಕಾಣಿಸಿತು.

ಆದರೆ ನನ್ನ ಹತ್ರ ಸುಮಾರು ನಲವತ್ತು ಎಕ್ಸ್‌ಟೆನ್ಷನ್ ಇದ್ದವು. ಯಾವುದು ಕಾರಣ? ಎಡಿಟರ್‌ನ ಎಲ್ಲ ಕಮಾಂಡ್‌ಗಳನ್ನು ಹುಡುಕಿ ಕೊಡುವ ಕಮಾಂಡ್ ಪ್ಯಾಲೆಟ್ ತೆರೆದು "ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್" ಕೊಟ್ಟೆ. ಅದು ಅರ್ಧ ಎಕ್ಸ್‌ಟೆನ್ಷನ್ ಆಫ್ ಮಾಡಿ ಕೇಳುತ್ತದೆ: ತೊಂದರೆ ಇನ್ನೂ ಇದೆಯಾ? ಹೌದು ಅಂದರೆ ಉಳಿದ ಅರ್ಧದಲ್ಲಿ ಹುಡುಕುತ್ತದೆ, ಇಲ್ಲ ಅಂದರೆ ಆಫ್ ಮಾಡಿದ ಅರ್ಧದಲ್ಲಿ. ನಲವತ್ತಕ್ಕೆ ಆರೇ ಸುತ್ತು ಸಾಕು. ಹತ್ತು ನಿಮಿಷದಲ್ಲಿ ಸಿಕ್ಕಿತು. ಇಂಗ್ಲಿಷ್ ಕಾಗುಣಿತ ನೋಡುವ ಒಂದು ಎಕ್ಸ್‌ಟೆನ್ಷನ್, ನನ್ನ ದೊಡ್ಡ ದೊಡ್ಡ ಕನ್ನಡ ಫೈಲುಗಳನ್ನು ಪ್ರತಿ ಸಲ ಮೊದಲಿಂದ ಓದುತ್ತಿತ್ತು. ಆಫ್ ಮಾಡಿದೆ, ಅಷ್ಟೇ. ಹೊಸ ಲ್ಯಾಪ್‌ಟಾಪ್ ತಂದಿದ್ದರೂ ಅದೇ ಎಕ್ಸ್‌ಟೆನ್ಷನ್ ಅಲ್ಲಿಗೂ ಬರುತ್ತಿತ್ತು, ಯಾಕೆಂದರೆ ಸೆಟ್ಟಿಂಗ್ಸ್ ಸಿಂಕ್ ಎಲ್ಲವನ್ನೂ ಜೊತೆಗೆ ತರುತ್ತದೆ. ಇಂಥ ಉಪಕರಣವನ್ನು ಎಡಿಟರ್ ಒಳಗೇ ಇಟ್ಟವರ ಮೇಲೆ ನನಗೆ ನಿಜಕ್ಕೂ ಪ್ರೀತಿ ಇದೆ.

ಅದೇ ದಿನ ಇನ್ನೊಂದು ಕೆಲಸವನ್ನೂ ಮಾಡಿದೆ. ಹಳೇ ಪತ್ರಿಕೆಯ ಸ್ಕ್ಯಾನ್ ಪುಟಗಳಿದ್ದ ಫೋಲ್ಡರನ್ನು ಫೈಲ್ಸ್ ವಾಚರ್ ಎಕ್ಸ್‌ಕ್ಲೂಡ್ (ಎಡಿಟರ್ ಗಮನಿಸಬಾರದ್ದು) ಮತ್ತು ಸರ್ಚ್ ಎಕ್ಸ್‌ಕ್ಲೂಡ್ (ಹುಡುಕಬಾರದ್ದು) ಎಂಬ ಎರಡು ಸೆಟ್ಟಿಂಗ್‌ಗೂ ಸೇರಿಸಿದೆ. ನಾವು ತಿದ್ದದ ಫೈಲುಗಳನ್ನು ಎಡಿಟರ್ ಕಾಯುತ್ತಾ ಕೂರಬೇಕಾಗಿಲ್ಲ, ಅಲ್ವಾ?

ಮೂರನೇ ಸಲ ಬೇಸಿಗೆಯಲ್ಲಿ. ಬರೀ ಧೂಳು. ಫ್ಯಾನ್ ತುಂಬಿತ್ತು, ಬಿಸಿ ಏರಿದಾಗ ಸಿಪಿಯು ತನ್ನ ವೇಗವನ್ನು ತಾನೇ ಇಳಿಸುತ್ತಿತ್ತು. ಒಳಗೆ ಬಿಚ್ಚಿ ಸ್ವಚ್ಛ ಮಾಡಿಸಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿಸಿದೆ. ನಮ್ಮ ಮನೆ ರಸ್ತೆ ಬದಿಗಿದೆ, ಹಾಗಾಗಿ ಈಗ ವರ್ಷಕ್ಕೊಮ್ಮೆ ಮಾಡಿಸುತ್ತೇನೆ.

ಬ್ರೌಸರ್ ಬಗ್ಗೆ ಒಂದು ಮಾತು. ರ‍್ಯಾಮ್ ಖಾಲಿಯಾದಾಗ ನಾವು ಎಡಿಟರ್ ಬೈಯುತ್ತೇವೆ. ನನ್ನ ಕಂಪ್ಯೂಟರ್‌ನಲ್ಲಿ ಜಾಸ್ತಿ ತಿನ್ನುವುದು ತೆರೆದಿಟ್ಟು ಮರೆತ ಟ್ಯಾಬ್‌ಗಳು. ವಿಂಡೋಸ್‌ನಲ್ಲಿ ಕ್ರೋಮ್ ತೆರೆದು ಶಿಫ್ಟ್, ಎಸ್ಕೇಪ್ ಒತ್ತಿ. ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂದು ಅದೇ ಹೇಳುತ್ತದೆ.

ಕೊರತೆ ಇಲ್ಲವೇ? ಇದೆ. ವಿಎಸ್ ಕೋಡ್ ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು. ಅಂದರೆ ಒಳಗೆ ಒಂದು ಇಡೀ ಕ್ರೋಮಿಯಂ ಬ್ರೌಸರ್ ಓಡುತ್ತಿರುತ್ತದೆ. ಒಂದೊಂದು ಕಿಟಕಿ ತೆರೆದಂತೆ ರ‍್ಯಾಮ್ ಏರುತ್ತದೆ. 4 ಜಿಬಿ ರ‍್ಯಾಮ್ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಪಕ್ಕದ ಬೀದಿಯ ಹುಡುಗಿ ಎಚ್‌ಟಿಎಂಎಲ್ ಕಲಿಯೋಕೆ ಬಂದಾಗ ಅವಳ ಹಳೇ ಯಂತ್ರಕ್ಕೆ ಜೀನಿ ಹಾಕಿಕೊಟ್ಟೆ. ಹಗುರ ಎಡಿಟರ್, ಅವಳಿಗೆ ಸಾಕಾಗಿದೆ. ಇನ್ನು, ಬಳಕೆಯ ಮಾಹಿತಿ ಕಂಪನಿಗೆ ಹೋಗುವುದು ಬೇಡ ಎನ್ನುವವರಿಗೆ ಸೆಟ್ಟಿಂಗ್‌ನಲ್ಲಿ ಟೆಲಿಮೆಟ್ರಿ ಆಫ್ ಮಾಡುವ ದಾರಿ ಇದೆ. ಅದೂ ಸಾಲದಿದ್ದರೆ ಅದೇ ಮೂಲ ಕೋಡ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಇದೆ. ನನಗೆ ರಿಮೋಟ್ ಎಸ್ಎಸ್ಎಚ್ ಬೇಕೇ ಬೇಕು, ಅದು ಮೈಕ್ರೋಸಾಫ್ಟ್‌ನದೇ ಎಕ್ಸ್‌ಟೆನ್ಷನ್, ವಿಎಸ್‌ಕೋಡಿಯಂಗೆ ಕೊಟ್ಟಿಲ್ಲ, ಹಾಗಾಗಿ ಇಲ್ಲೇ ಉಳಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನನ್ನ ಏಳನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಆ ವಾರವೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಭಯ ಇತ್ತು. ವಿಎಸ್ ಕೋಡ್ ಹಾಕಿ ಲಾಗಿನ್ ಆದೆ, ಶಾರ್ಟ್‌ಕಟ್, ಥೀಮ್, ಸ್ನಿಪೆಟ್ (ಮತ್ತೆ ಮತ್ತೆ ಬಳಸುವ ಕೋಡ್ ತುಣುಕು) ಎಲ್ಲ ವಾಪಸ್ ಬಂದವು. ಮಧ್ಯಾಹ್ನ ಊಟದ ಹೊತ್ತಿಗೆ ಎಂದಿನ ಕೆಲಸ ಶುರುವಾಗಿತ್ತು. ಮಿಂಟ್‌ನಲ್ಲಿ ಕನ್ನಡ ಟೈಪಿಂಗ್ ಹೊಂದಿಸಿಕೊಳ್ಳೋಕೆ ಮಾತ್ರ ಒಂದು ಸಂಜೆ ಹೋಯಿತು.

ಈಗ ಉಳಿದಿರುವ ತೊಂದರೆ ಬ್ಯಾಟರಿ ಒಂದೇ. ಕರೆಂಟ್ ಹೋದರೆ ಇಪ್ಪತ್ತು ನಿಮಿಷ ಸಿಗುತ್ತದೆ. ಮುಂದಿನ ಸಲ ಎಸ್.ಪಿ. ರೋಡ್ ಕಡೆ ಹೋದಾಗ ಅದನ್ನೂ ತರುತ್ತೇನೆ.