ಬೆಣ್ಣೆ, ಸೂರ್ಯಕಾಂತಿ, ತೆಂಗಿನೆಣ್ಣೆ: ಸಿಂಗಾಪುರದ ಸೆಕೆಯಲ್ಲಿ ಒಂದೇ ಬಾಳೆಹಣ್ಣಿನ ಕೇಕ್ ಮೂರು ಬಗೆ

ನಮ್ಮ ಮನೆಯಲ್ಲಿ ಬಾಳೆಹಣ್ಣು ಸೋಮವಾರ ಹಸಿರು, ಬುಧವಾರ ಹಳದಿ, ಶುಕ್ರವಾರ ಕಪ್ಪು. ಸಮಭಾಜಕ ವೃತ್ತದಿಂದ ಸಿಂಗಾಪುರ ಬರೀ 137 ಕಿಲೋಮೀಟರ್ ದೂರದಲ್ಲಿದೆ. ಹಗಲಿಗೆ 31-32 ಡಿಗ್ರಿ, ರಾತ್ರಿಗೆ 25, ಗಾಳಿಯಲ್ಲಿ ಯಾವಾಗಲೂ ನೀರು. ಜನವರಿ ಯಾವುದು, ಮೇ ಯಾವುದು ಅಂತ ಹಣ್ಣಿಗೆ ಗೊತ್ತಾಗುವುದಿಲ್ಲ. ಊರಿನಲ್ಲಾದರೆ ಕಪ್ಪಾದ ಹಣ್ಣು ಸೀದಾ ಬನ್ಸ್ ಆಗುತ್ತಿತ್ತು. ಇಲ್ಲಿ ಮಕ್ಕಳಿಬ್ಬರಿಗೂ ಶಾಲೆಯ ಡಬ್ಬಿಗೆ ಕೇಕೇ ಬೇಕು.

ಹಾಗಾಗಿ ನಾಲ್ಕು ವರ್ಷದಿಂದ ವಾರಕ್ಕೊಂದು ಬಾಳೆಹಣ್ಣಿನ ಕೇಕ್ ಮಾಡುತ್ತಿದ್ದೇನೆ. ಒಮ್ಮೆ ಬೆಣ್ಣೆ, ಒಮ್ಮೆ ಎಣ್ಣೆ, ಮನೆಯಲ್ಲಿ ಏನಿದೆಯೋ ಅದು. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ಉತ್ತರ ಇರಲಿಲ್ಲ. ಕಳೆದ ತಿಂಗಳು ಅತ್ತೆ ಉಡುಪಿಯಿಂದ ಬಂದಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕರು. ಸರಿ, ಮೂರನ್ನೂ ಒಂದೇ ದಿನ ಮಾಡಿ ನೋಡಿಯೇ ಬಿಡೋಣ ಅಂತ ಒಂದು ಶನಿವಾರ ಸೊಂಟ ಕಟ್ಟಿದೆ.

ಅಳತೆ ಎಲ್ಲದಕ್ಕೂ ಒಂದೇ. ಸಿಪ್ಪೆ ತೆಗೆದ ಹಣ್ಣು 300 ಗ್ರಾಂ, ಮೈದಾ 200, ಸಕ್ಕರೆ 120, ಮೊಸರು 60, ಮೊಟ್ಟೆ ಎರಡು, ಬೇಕಿಂಗ್ ಪೌಡರ್ ಒಂದು ಚಮಚ, ಸೋಡಾ ಅರ್ಧ ಚಮಚ. ಬೆಣ್ಣೆ 120 ಗ್ರಾಂ. ಎಣ್ಣೆಯನ್ನು ಮಾತ್ರ 120 ಹಾಕಬಾರದು. ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ಸುಮಾರು 80 ಭಾಗ, ಉಳಿದದ್ದರಲ್ಲಿ ಹೆಚ್ಚಿನದು ನೀರು. ಎಣ್ಣೆ ಪೂರ್ತಿ ಜಿಡ್ಡೇ. ಅದಕ್ಕೆ ಎಣ್ಣೆಯ ಎರಡು ಕೇಕಿಗೆ 96 ಗ್ರಾಂ ಎಣ್ಣೆ, ನೀರಿನ ಬದಲಿಗೆ 20 ಗ್ರಾಂ ಹಾಲು. ಈ ಲೆಕ್ಕ ಗೊತ್ತಿಲ್ಲದೆ ನಾನು ಎರಡು ವರ್ಷ ಸಮಕ್ಕೆ ಸಮ ಹಾಕಿ, ಕೇಕ್ ಯಾಕೆ ಕೈಗೆ ಅಂಟುತ್ತದೆ ಅಂತ ತಲೆ ಕೆರೆದುಕೊಂಡಿದ್ದೇನೆ.

ಓವನ್ 30 ಲೀಟರಿನದು, ಮೇಜಿನ ಮೇಲೆ ಇಡುವಂಥದ್ದು. ಗುಂಡಿ 170 ಅಂದರೆ ಒಳಗೆ 190 ಇರುತ್ತದೆ. ಒಳಗೊಂದು ಥರ್ಮಾಮೀಟರ್ ನೇತು ಹಾಕಿದ ಮೇಲೆ ಈ ಗುಟ್ಟು ರಟ್ಟಾಯಿತು. ಎರಡು ತಟ್ಟೆ ಒಟ್ಟಿಗೆ ಇಟ್ಟರೆ ಒಂದು ಕಡೆ ಕರಕು, ಒಂದು ಕಡೆ ಹಸಿ. ಆದ್ದರಿಂದ ಒಂದಾದ ಮೇಲೆ ಒಂದು, ತಲಾ 55 ನಿಮಿಷ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆ ಬಾಯ್ಲರ್ ಆಗಿತ್ತು.

ಮೊದಲು ಬೆಣ್ಣೆ. ಇದರ ಕಥೆಯೇ ಉದ್ದ.

ಬೆಣ್ಣೆ ಕೇಕಿನ ಜೀವ ಇರುವುದು ಬೆಣ್ಣೆ ಸಕ್ಕರೆ ಸೇರಿಸಿ ನೊರೆ ಬರುವ ಹಾಗೆ ಕಡೆಯುವುದರಲ್ಲಿ. ಸಕ್ಕರೆಯ ಹರಳು ಬೆಣ್ಣೆಯೊಳಗೆ ಗೀರುತ್ತಾ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬುತ್ತದೆ. ಸೋಡಾ ಆಮೇಲೆ ಆ ಗುಳ್ಳೆಗಳನ್ನೇ ಊದಿಸುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ. ಗಾಳಿ ನಿಲ್ಲಬೇಕಾದರೆ ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿ ಇರಬೇಕು. ಒತ್ತಿದರೆ ಬೆರಳು ಇಳಿಯಬೇಕು, ಆದರೆ ಮೇಲೆ ಹೊಳಪು ಬರಬಾರದು. ಪಾಕವಿಧಾನದ ಪುಸ್ತಕಗಳು ‘ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ’ ಅಂತ ಬರೆಯುತ್ತವೆ. ಯಾರ ಕೋಣೆ ಮಾರಾಯ್ರೆ? ನಮ್ಮ ಕೋಣೆಯಲ್ಲಿ 30 ಡಿಗ್ರಿ. ಅರ್ಧ ಗಂಟೆ ಹೊರಗಿಟ್ಟರೆ ಬೆಣ್ಣೆ ಸೋತು ಮಲಗುತ್ತದೆ. ಕಡೆದರೆ ನೊರೆ ಬರುವುದಿಲ್ಲ, ಸಾರು ಬರುತ್ತದೆ.

ಇಲ್ಲಿನ ಸರ್ಕಾರಿ ವಸತಿ ಮಂಡಳಿಯ ಫ್ಲಾಟ್‌ಗಳಲ್ಲಿ, ಅಂದರೆ ಎಚ್‌ಡಿಬಿಯಲ್ಲಿ, ಸಾಮಾನ್ಯವಾಗಿ ಎಸಿ ಇರುವುದು ಮಲಗುವ ಕೋಣೆಗೆ. ಅಡುಗೆಮನೆಗೆ ಕಿಟಕಿಯೇ ಗತಿ. ಹಾಗಾಗಿ ಮಿಕ್ಸರ್, ಬೋಗುಣಿ, ತಕ್ಕಡಿ ಎಲ್ಲ ಹೊತ್ತುಕೊಂಡು ಮಲಗುವ ಕೋಣೆಗೆ ಹೋದೆ. ಎಸಿ 22ಕ್ಕೆ ಇಟ್ಟೆ. ಮಂಚದ ಪಕ್ಕ ನೆಲದ ಮೇಲೆ ಕೂತು ಬೆಣ್ಣೆ ಕಡೆಯತೊಡಗಿದೆ. ಆ ಕೋಣೆಯಲ್ಲೇ ಗಂಡ ಆಫೀಸಿನ ಕಾಲ್‌ನಲ್ಲಿದ್ದರು, ಶನಿವಾರವೂ. ಮಿಕ್ಸರ್ ಸದ್ದು ಕೇಳಿ ಅತ್ತಲಿಂದ ಯಾರೋ ನಿಮ್ಮಲ್ಲಿ ಮನೆ ರಿಪೇರಿ ನಡೀತಿದೆಯಾ ಅಂತ ಕೇಳಿದರಂತೆ.

ಮೊಟ್ಟೆ ಇನ್ನೊಂದು ತಲೆನೋವು. ಫ್ರಿಜ್‌ನಿಂದ ತೆಗೆದು ಹಾಗೇ ಹಾಕಿದರೆ ನೊರೆ ಒಡೆಯುತ್ತದೆ, ಒಡೆದ ಹಾಲಿನ ಹಾಗೆ ಕಾಣುತ್ತದೆ. ಹೊರಗಿಟ್ಟು ಬೆಚ್ಚಗೆ ಮಾಡಿದರೆ ಬೆಣ್ಣೆ ಕರಗುತ್ತದೆ. ಕಡೆಗೆ ಮೊಟ್ಟೆಯನ್ನೂ ಎಸಿ ಕೋಣೆಯಲ್ಲೇ ಒಂದು ಗಂಟೆ ಇಟ್ಟೆ. ಪಕ್ಕದ ಮನೆಯ ಮಲಯ್ ಆಂಟಿ ಹೇಳುವುದು ಸುಲಭದ ದಾರಿ: ಬೆಳಗಿನ ಜಾವ ಐದಕ್ಕೆ ಏಳು, ಆಗ ಮಾಡು. ಅವರು ಹಬ್ಬದ ಬಿಸ್ಕತ್ತನ್ನು ಹಾಗೇ ಮಾಡುತ್ತಾರಂತೆ. ನನಗೆ ಐದಕ್ಕೆ ಏಳುವುದಕ್ಕಿಂತ ಎಸಿಯ ಕರೆಂಟ್ ಬಿಲ್ಲೇ ವಾಸಿ.

ಇಷ್ಟೆಲ್ಲ ಮಾಡಿದ್ದಕ್ಕೆ ಸುಳ್ಳು ಹೇಳಬಾರದು, ಕೇಕ್ ಚೆನ್ನಾಗಿಯೇ ಬಂತು. ಮೂರರಲ್ಲಿ ಎತ್ತರ ಇದರದ್ದೇ. ಒಳಗೆ ಸಣ್ಣ ಸಣ್ಣ ಕಣ್ಣು, ಹೊರಗೆ ತೆಳು ಗರಿ, ಓವನ್ ಬಾಗಿಲು ತೆಗೆದಾಗ ಬಂದ ಪರಿಮಳಕ್ಕೆ ಮಗ ಆಟ ಬಿಟ್ಟು ಓಡಿ ಬಂದ.

ಸೂರ್ಯಕಾಂತಿ ಎಣ್ಣೆಯ ಕೇಕಿಗೆ ಹೇಳಲು ಕಥೆಯೇ ಇಲ್ಲ. ಒಂದು ಬೋಗುಣಿ, ಒಂದು ಸೌಟು, ಹತ್ತು ನಿಮಿಷ. ಸೆಕೆ ಇದ್ದರೆಷ್ಟು, ಬಿಟ್ಟರೆಷ್ಟು. ಒಂದೇ ಎಚ್ಚರ: ಇಲ್ಲಿ ಅಗ್ಗಕ್ಕೆ ಸಿಗುವ ‘ಅಡುಗೆ ಎಣ್ಣೆ’ ಬಾಟಲಿಗಳಲ್ಲಿ ತಾಳೆ ಎಣ್ಣೆ ಬೆರೆತಿರುವುದು ಸಾಮಾನ್ಯ. ಅದು ಫ್ರಿಜ್‌ನಲ್ಲಿ ಮಂಜುಗಟ್ಟುತ್ತದೆ. ಚೀಟಿ ಓದಿ ಕೊಳ್ಳಿ. ಕೇಕ್ ಬೆಣ್ಣೆಯದಕ್ಕಿಂತ ಅರ್ಧ ಇಂಚು ಕುಳ್ಳ, ಕಣ್ಣು ಸ್ವಲ್ಪ ದೊಡ್ಡದು, ಬಣ್ಣ ಚೆಂದ. ಬಿಸಿಯಾಗಿ ತಿಂದರೆ ಬಾಳೆಹಣ್ಣಿನ ರುಚಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಅದು ಗುಣವೋ ದೋಷವೋ, ನಿಮ್ಮ ಹಣ್ಣು ಹೇಗಿದೆ ಅನ್ನುವುದರ ಮೇಲೆ. ಪಿಸಾಂಗ್ ರಾಜಾ ಅನ್ನುವ ಇಲ್ಲಿನ ಜಾತಿಯ ಬಾಳೆಹಣ್ಣಾದರೆ ಗುಣ. ಸೂಪರ್‌ಮಾರ್ಕೆಟ್ಟಿನ ಉದ್ದನೆಯ ಪಚ್ಚಬಾಳೆಯಾದರೆ ಒಂದು ಚಿಟಿಕೆ ಏಲಕ್ಕಿ ಹಾಕಿ, ಸುಮ್ಮನೆ ಮರ್ಯಾದೆ ಉಳಿಸಿಕೊಳ್ಳಿ.

ಈ ಊರಿನ ಹೆಸರಾಂತ ಕೇಕ್ ಕೂಡ ಎಣ್ಣೆಯದೇ. ಪಂಡಾನ್ ಚಿಫಾನ್ ಅಂತ, ಹಸಿರು ಬಣ್ಣದ್ದು, ಹತ್ತಿಯ ಹಾಗೆ ಹಗುರ. ಪಂಡಾನ್ ಎಲೆ ನಮ್ಮ ಕೇದಗೆಯ ಹತ್ತಿರದ ನಂಟ. ಬೆಣ್ಣೆಯ ಬದಲು ಎಣ್ಣೆ ಹಾಕಿ, ಮೊಟ್ಟೆಯ ಬಿಳಿಯನ್ನು ಕಡೆದು ಉಬ್ಬಿಸುವ ಚಿಫಾನ್ ಉಪಾಯವನ್ನು 1927ರಲ್ಲಿ ಕಂಡುಹಿಡಿದವರು ಹ್ಯಾರಿ ಬೇಕರ್, ಲಾಸ್ ಏಂಜಲೀಸ್‌ನಲ್ಲಿ ವಿಮೆ ಮಾರುತ್ತಿದ್ದವರು. ಇಪ್ಪತ್ತು ವರ್ಷ ಗುಟ್ಟಾಗಿಟ್ಟು ಆಮೇಲೆ ಕಂಪನಿಯೊಂದಕ್ಕೆ ಮಾರಿದರು. ಅವರು ಈ ದ್ವೀಪವನ್ನು ನೆನೆದು ಮಾಡಿದ್ದಲ್ಲ. ಆದರೆ ಬೆಣ್ಣೆ ನಿಲ್ಲದ ಅಡುಗೆಮನೆಗೆ ಇದಕ್ಕಿಂತ ಹೊಂದುವ ಕೇಕ್ ನನಗಂತೂ ಕಂಡಿಲ್ಲ.

ಮೂರನೆಯದು ತೆಂಗಿನೆಣ್ಣೆ. ಕರಾವಳಿಯವಳಾದ ನನಗೆ ಇದರ ಮೇಲೆ ಪಕ್ಷಪಾತ ಇತ್ತು, ಒಪ್ಪಿಕೊಳ್ಳುತ್ತೇನೆ. ಟೆಕ್ಕಾ ಮಾರ್ಕೆಟ್ಟಿಗೆ ಹೋದಾಗ ತಂದಿಟ್ಟ ಗಾಣದ ಘಮದ ಎಣ್ಣೆಯನ್ನೇ ಹಾಕಿದೆ. ಅದು ಕರಗುವುದು ಸುಮಾರು 24 ಡಿಗ್ರಿಗೆ. ಬೆಂಗಳೂರಿನ ಚಳಿಗೆ ಬಾಟಲಿಯಲ್ಲಿ ಮೇಣದ ಹಾಗೆ ಕೂರುವ ಎಣ್ಣೆ ಇಲ್ಲಿ ವರ್ಷವಿಡೀ ನೀರಿನ ಹಾಗೆ ಹರಿಯುತ್ತದೆ. ಅಡ್ಡಿಯಿಲ್ಲ ಅಂದುಕೊಂಡು ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಸರು ಸುರಿದೆ. ಕ್ಷಣದಲ್ಲಿ ಎಣ್ಣೆಯೆಲ್ಲ ಸಾಬಕ್ಕಿ ಕಾಳಿನ ಹಾಗೆ ಗಟ್ಟಿಯಾಯಿತು! ಬೋಗುಣಿಯನ್ನು ಬಿಸಿನೀರಿನ ಮೇಲಿಟ್ಟು ಕಲಸಿ ಸರಿ ಮಾಡಬೇಕಾಯಿತು. ಬೆಣ್ಣೆಗೆ ಎಲ್ಲವೂ ತಣ್ಣಗಿರಬೇಕು, ಇದಕ್ಕೆ ಎಲ್ಲವೂ ಬೆಚ್ಚಗಿರಬೇಕು.

ಕೇಕ್ ಬೆಂದು ಬಂದಾಗ ಅಂಚು ಗರಿಗರಿ, ಒಳಗೆ ಸ್ವಲ್ಪ ಬಿಗಿ. ಮಗಳು ಮೂಸಿ ನೋಡಿ ಹೇಳಿದ್ದು: ‘ಅಮ್ಮಾ, ಇದು ತಲೆಗೆ ಹಚ್ಚುವ ಎಣ್ಣೆಯ ಕೇಕ್.’ ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಆದರೂ ತೀರ್ಪುಗಾರರ ಕುರ್ಚಿ ಬಿಡಲಿಲ್ಲ. ಮೂರನ್ನೂ ಮೂಸಿ ತೆಂಗಿನೆಣ್ಣೆಯದಕ್ಕೆ ಮೊದಲ ಸ್ಥಾನ ಕೊಟ್ಟರು. ಹಪ್ಪಳ ಕರಿದ ಹಾಗೆ ಪರಿಮಳ ಇದೆ ಅಂದರು. ಹೊಗಳಿಕೆಯೇ ಅದು.

ಶನಿವಾರ ಸಂಜೆಯ ತಿಂಡಿಗೆ ಮೂರನ್ನೂ ಹೆಸರಿಲ್ಲದ ತಟ್ಟೆಯಲ್ಲಿ ಇಟ್ಟೆ. ಗಂಡ, ಮಗ, ಪಕ್ಕದ ಮನೆಯ ಆಂಟಿ, ನಾನು, ನಾಲ್ವರೂ ಬೆಣ್ಣೆಯದನ್ನೇ ಎತ್ತಿದೆವು. ಮಗಳು ಮಾತ್ರ ಸೂರ್ಯಕಾಂತಿಗೆ ಹೋದಳು. ಇಲ್ಲಿಗೆ ನಿಲ್ಲಿಸಿದ್ದರೆ ಬೆಣ್ಣೆ ಗೆದ್ದಿತು ಅಂತ ಬರೆದು ಮುಗಿಸಬಹುದಿತ್ತು.

ಆದರೆ ಕೇಕ್ ಮಾಡುವುದು ಶನಿವಾರಕ್ಕಲ್ಲ, ಸೋಮವಾರದಿಂದ ಗುರುವಾರದವರೆಗಿನ ಡಬ್ಬಿಗೆ ಅಲ್ವಾ? ಈ ಹವೆಯಲ್ಲಿ ಯಾವ ಕೇಕೂ ಮೇಜಿನ ಮೇಲೆ ಎರಡು ದಿನಕ್ಕಿಂತ ಜಾಸ್ತಿ ಬಾಳುವುದಿಲ್ಲ. ಪರೀಕ್ಷೆಗೆಂದು ಮೂರರಿಂದಲೂ ಒಂದೊಂದು ತುಂಡು ಡಬ್ಬಿಯಲ್ಲಿ ಹೊರಗೇ ಇಟ್ಟಿದ್ದೆ. ಮಂಗಳವಾರ ಬೆಳಿಗ್ಗೆ ಮೂರಕ್ಕೂ ಬಿಳಿ ಬೂಸು. ಜಿಡ್ಡು ಯಾವುದಾದರೂ ಬೂಸಿಗೆ ಭೇದವಿಲ್ಲ. ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿದ್ದರಿಂದ ಇರುವೆ ಮಾತ್ರ ಬರಲಿಲ್ಲ.

ಅಂದರೆ ಭಾನುವಾರ ರಾತ್ರಿ ಕೇಕ್ ಫ್ರಿಜ್‌ಗೆ ಹೋಗಲೇಬೇಕು. ಈ ಊರಿನಲ್ಲಿ ಕೇಕಿಗೆ ಅಂಕ ಕೊಡುವುದು ಓವನ್ ಅಲ್ಲ, ಫ್ರಿಜ್.

ಸೋಮವಾರ ಬೆಳಿಗ್ಗೆ ಆರಕ್ಕೆ ಬೆಣ್ಣೆ ಕೇಕ್ ತೆಗೆದೆ. ಇಟ್ಟಿಗೆ. ಚಾಕು ಇಳಿಸಿದರೆ ಪುಡಿ ಉದುರಿತು. ನಿನ್ನೆಯ ಪರಿಮಳ ಎಲ್ಲೋ ಒಳಗೆ ಹೆಪ್ಪುಗಟ್ಟಿತ್ತು. ತೆಂಗಿನೆಣ್ಣೆಯದು ಇನ್ನೂ ಗಟ್ಟಿ. ಬಾಯಿಗೆ ಹಾಕಿಕೊಂಡರೆ ನಾಲಿಗೆಗೆ ಮೇಣದಂತೆ ಹತ್ತಿತು. ಸೂರ್ಯಕಾಂತಿಯದು ನಿನ್ನೆ ಹೇಗಿತ್ತೋ ಹಾಗೆಯೇ ಮೆತ್ತಗೆ. ಚಳಿಗೆ ಹಿಟ್ಟಿನ ಪಿಷ್ಟ ಮೂರರಲ್ಲೂ ಬಿಗಿಯುತ್ತದೆ. ಆದರೆ ಈ ಎಣ್ಣೆ ಫ್ರಿಜ್‌ನಲ್ಲೂ ಹೆಪ್ಪಾಗುವುದಿಲ್ಲ, ಆದ್ದರಿಂದ ಬಿಗಿದದ್ದು ಬಾಯಿಗೆ ಗೊತ್ತಾಗುವುದಿಲ್ಲ. ಬುಧವಾರಕ್ಕೆ ಅದರ ರುಚಿ ಇನ್ನೂ ಮೇಲೆ ಏರಿತ್ತು. ಹಣ್ಣಿನ ಸಿಹಿ ಎಲ್ಲ ಕಡೆ ಇಳಿದಿತ್ತು.

ಬೆಣ್ಣೆಯದನ್ನು ಮೈಕ್ರೊವೇವ್‌ನಲ್ಲಿ 15 ಸೆಕೆಂಡ್ ಇಟ್ಟರೆ ಮತ್ತೆ ಜೀವ ಬರುತ್ತದೆ, ನಿಜ. ಶಾಲೆಯ ಬಸ್ಸಿಗೆ ಓಡುವ ಹೊತ್ತಿನಲ್ಲಿ ಯಾರು ಬಿಸಿ ಮಾಡಿ, ಆರಿಸಿ, ಡಬ್ಬಿಗೆ ಹಾಕುತ್ತಾರೆ? ಬಿಸಿಯಲ್ಲೇ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ. ಹತ್ತು ಗಂಟೆಗೆ ಮಗ ತೆಗೆದು ನೋಡಿದರೆ ಉಪ್ಪಿಟ್ಟು.

ಒಂದೇ ಸಲದ ಫಲ ನಂಬಬಾರದು ಅಂತ ಮುಂದಿನ ಶನಿವಾರ ಸರದಿ ತಿರುಗಿಸಿ, ತೆಂಗಿನೆಣ್ಣೆಯದನ್ನು ಮೊದಲು ಬೇಯಿಸಿ ಮತ್ತೆ ಮಾಡಿದೆ. ಫಲ ಬದಲಾಗಲಿಲ್ಲ. ಆದರೆ ಆ ದಿನ ಸಕ್ಕರೆ ಮೂರಕ್ಕೂ ಸಾಲುವಷ್ಟಿರಲಿಲ್ಲ. ತೆಂಗಿನೆಣ್ಣೆಯ ಕೇಕಿಗೆ ಇಲ್ಲಿನ ಗುಲಾ ಮೆಲಾಕಾ, ಅಂದರೆ ತಾಳೆಜಾತಿ ಮರದ ಕಪ್ಪು ಬೆಲ್ಲ, ಕೆರೆದು ಹಾಕಿದೆ. ಅಬ್ಬಾ! ತಲೆಗೆ ಹಚ್ಚುವ ಎಣ್ಣೆ ಹೋಗಿ ಕಾಯಿ ಹೋಳಿಗೆಯ ಹೂರಣ ಬಂದು ಕೂತಿತ್ತು. ಬಿಳಿ ಸಕ್ಕರೆಯ ಜೊತೆ ಅದನ್ನು ನಿಲ್ಲಿಸಿದ್ದೇ ನನ್ನ ತಪ್ಪು. ಮಗಳು ಎರಡು ತುಂಡು ತಿಂದಳು. ಫ್ರಿಜ್‌ನಲ್ಲಿ ಮಾತ್ರ ಅದೇ ಮೇಣ. ಹಾಗಾಗಿ ನೆಂಟರು ಬಂದ ದಿನ, ಸಂಜೆಯೊಳಗೆ ಖಾಲಿಯಾಗುತ್ತದೆ ಅನ್ನುವಾಗ ನಾನು ಇದನ್ನು ಮಾಡುತ್ತೇನೆ. ಬೆಣ್ಣೆ ಹುಟ್ಟುಹಬ್ಬಕ್ಕೆ. ಈ ಪುಟ್ಟ ದ್ವೀಪಕ್ಕೆ ಬೆಣ್ಣೆಯೆಲ್ಲ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಯುರೋಪಿನಿಂದ ಹಡಗು ಹತ್ತಿ ಬರಬೇಕು. ವಾರ ವಾರ ಹಾಕಲು ಕೈಯೂ ಬರುವುದಿಲ್ಲ. ಉಳಿದ ವಾರಗಳೆಲ್ಲ ಸೂರ್ಯಕಾಂತಿಯದ್ದು.

ತುಪ್ಪದಲ್ಲೂ ಒಮ್ಮೆ ಮಾಡಿದ್ದೆ. ಮೈಸೂರು ಪಾಕಿನ ಆಸೆ ಹುಟ್ಟಿಸಿ ಬಾಳೆಹಣ್ಣನ್ನು ನುಂಗಿ ಹಾಕಿತು. ಬೇಡ.

ಅತ್ತೆಗೆಂದು ಮೊಟ್ಟೆಯಿಲ್ಲದ್ದನ್ನೂ ಒಂದು ಮಾಡಿದೆ. ಮೊಟ್ಟೆಯ ಜಾಗಕ್ಕೆ ಇನ್ನೂ 100 ಗ್ರಾಂ ಮೊಸರು, ಒಂದು ಚಮಚ ವಿನೆಗರ್, ಸೂರ್ಯಕಾಂತಿ ಎಣ್ಣೆ. ಸ್ವಲ್ಪ ಕುಳ್ಳಗೆ, ತೇವವಾಗಿ ಬಂತು. ಒಂದು ತುಂಡು ತಿಂದು, ಚೆನ್ನಾಗಿದೆ ಅಂದರು. ಆಮೇಲೆ ಬುಟ್ಟಿಯಲ್ಲಿ ಉಳಿದಿದ್ದ ಎರಡು ಕಪ್ಪು ಹಣ್ಣು ಎತ್ತಿಕೊಂಡು, ಹಿಸುಕಿ, ಸಕ್ಕರೆ, ಮೊಸರು, ಜೀರಿಗೆ ಹಾಕಿ ಬನ್ಸಿಗೆ ಹಿಟ್ಟು ಕಲಸಿದರು. ಉಡುಪಿಯಲ್ಲಿ ರಾತ್ರಿಯಿಡೀ ಇಡುತ್ತಿದ್ದ ಹಿಟ್ಟು ಇಲ್ಲಿ ಮಧ್ಯಾಹ್ನದ ಮೂರು ಗಂಟೆಯಲ್ಲೇ ಉಬ್ಬಿ ಮುಚ್ಚಳ ಎತ್ತಿತ್ತು. ಶಾಲೆಯಿಂದ ಬಂದ ಮಕ್ಕಳು ಕೇಕಿನ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ.